ರಕ್ತ ಕಡಿಮೆಯಾಗಿದೆ, ಗರ್ಭಕೋಶ ತೆಗೆಸಬೇಕೇ?

ಪ್ರಶ್ನೆ: ನನಗೆ 41 ವರ್ಷ, ತೂಕ 52 ಕೆ.ಜಿ. ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು. ಮನೆಯಲ್ಲಿ ಎರಡು ಸೀಮೆಹಸುಗಳಿವೆ, ಡೇರಿಗೆ ಹಾಲು ಹಾಕುತ್ತೇವೆ, ಒಂದು ಎಕರೆ ಕಬ್ಬು ಇದೆ. ಇಬ್ಬರು ಮಕ್ಕಳು. ಸಂತಾನಹರಣ ಆಪರೇಷನ್ ಆಗಿ 13 ವರ್ಷವಾಯಿತು. ಎರಡು ವರ್ಷಗಳಿಂದ ಮುಟ್ಟು ಎಂಟೊಂಬತ್ತು ದಿನ ಹೋಗುತ್ತಿದೆ. ಮೊದಲ ಮೂರು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ಗಡ್ಡೆಗಡ್ಡೆಯಾಗಿ ಹೋಗುತ್ತದೆ, ರಾತ್ರಿ ಎದ್ದು ಬಟ್ಟೆ ಬದಲಿಸುತ್ತೇನೆ. ಮೇವಿನ ಹೊರೆ ಹೊತ್ತು ಬಂದರೆ ಏದುಸಿರು ಬರುತ್ತದೆ. ಪರೀಕ್ಷೆ ಮಾಡಿಸಿದಾಗ ಹಿಮೊಗ್ಲೋಬಿನ್ 7.6 ಬಂತು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ 2.5 ಸೆಂಟಿಮೀಟರ್ ಗಡ್ಡೆ ಇದೆ ಎಂದರು. ಒಂದು ನರ್ಸಿಂಗ್ ಹೋಂನಲ್ಲಿ, ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ಬಿಟ್ಟರೆ ಕ್ಯಾನ್ಸರ್ ಆಗಬಹುದು’ ಎಂದರು. ಈ ವಯಸ್ಸಿಗೆ ಎಲ್ಲರಿಗೂ ಹೀಗೇ, ಮುಟ್ಟು ನಿಲ್ಲುವ ಕಾಲ ಎನ್ನುತ್ತಾರೆ ಅತ್ತೆ. ಕೆಂಪು ಮಾತ್ರೆ ತೆಗೆದುಕೊಂಡೆ, ಮಲ ಕಪ್ಪಗಾಯಿತು, ಹೊಟ್ಟೆ ಕಟ್ಟಿತು, ಬಿಟ್ಟೆ. ರಾಗಿ, ಬೆಲ್ಲ, ಸೊಪ್ಪು ತಿನ್ನುತ್ತಲೇ ಇದ್ದೇನೆ. ಆಪರೇಷನ್ ಮಾಡಿಸಲೇಬೇಕೇ? ಇನ್ನೊಂದು ವಿಷಯ ಹೇಳಲು ನಾಚಿಕೆ. ಅಕ್ಕಿ ಕೇರುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತೇನೆ, ದಿನಕ್ಕೆ ಒಂದು ಹಿಡಿಯಾದರೂ ಬೇಕು. ಪಿಯುಸಿ ಓದುವ ಮಗಳು ಬಳಪ ತಿನ್ನುತ್ತಾಳೆ, ಅವಳನ್ನು ಬೈಯಲು ನನಗೆ ಬಾಯಿಲ್ಲ.

ಉತ್ತರ: ನೀವು ನಾಚಿಕೆಯಿಂದ ಕೊನೆಯಲ್ಲಿ ಬರೆದ ಮಾತಿನಿಂದಲೇ ಶುರು ಮಾಡುತ್ತೇನೆ. ಹಸಿ ಅಕ್ಕಿ, ಬಳಪ, ಕೆಮ್ಮಣ್ಣು, ಸೀಮೆಸುಣ್ಣ ಇವುಗಳಿಗಾಗಿ ಬಾಯಿ ಹಂಬಲಿಸುವುದು ಕೆಟ್ಟ ಚಟವೆಂದು ಮನೆಯಲ್ಲಿ ಬೈಯುತ್ತಾರೆ. ದೇಹದಲ್ಲಿ ಕಬ್ಬಿಣಾಂಶ ಬತ್ತಿಹೋದಾಗ ಕಾಣಿಸಿಕೊಳ್ಳುವ ಲಕ್ಷಣ ಅದು. ಕಬ್ಬಿಣಾಂಶ ತುಂಬುತ್ತಾ ಬಂದರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಆ ಹಂಬಲ ತಾನಾಗಿಯೇ ಹೋಗುತ್ತದೆ. ಮಂಡ್ಯ, ಮೈಸೂರಿನ ಹೊರರೋಗಿ ವಿಭಾಗದಲ್ಲಿ ಕುಳಿತ ಇಷ್ಟು ವರ್ಷಗಳಲ್ಲಿ, ‘ಅಕ್ಕಿ ತಿನ್ನುತ್ತೀರಾ?’ ಎಂದು ನಾನಾಗಿ ಕೇಳಿದ ಮೇಲೆಯೇ ತಲೆ ತಗ್ಗಿಸಿ ಹೌದು ಎಂದ ಹೆಂಗಸರನ್ನು ಎಣಿಸಲಾರೆ. ನೀವು ಕೇಳದೆಯೇ ಹೇಳಿದ್ದೀರಿ. ಅದರಿಂದ ನನ್ನ ಅರ್ಧ ಕೆಲಸ ಹಗುರಾಯಿತು.

ಈಗ 7.6 ಎಂಬ ಅಂಕಿಗೆ ಬರೋಣ. ಬಸುರಿಯಲ್ಲದ ವಯಸ್ಕ ಹೆಂಗಸಿಗೆ ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೊಗ್ಲೋಬಿನ್ ಕನಿಷ್ಠ 12 ಗ್ರಾಂ ಇರಬೇಕು. 8ಕ್ಕಿಂತ ಕೆಳಗಿಳಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತೀವ್ರ ರಕ್ತಹೀನತೆ ಎಂದು ಕರೆಯುತ್ತದೆ. ನೀವು ಆ ಗೆರೆಯನ್ನು ದಾಟಿ ಕೆಳಗಿದ್ದೀರಿ, ಹಾಗಿದ್ದೂ ಎರಡು ಹೊತ್ತು ಹಾಲು ಕರೆದು, ಮೇವಿನ ಹೊರೆ ಹೊರುತ್ತಿದ್ದೀರಿ. ರಕ್ತ ನಿಧಾನವಾಗಿ ಇಳಿದರೆ ದೇಹ ಹೇಗೋ ಹೊಂದಿಕೊಳ್ಳುತ್ತದೆ, ಹೃದಯ ವೇಗವಾಗಿ ಬಡಿದು ಕೊರತೆಯನ್ನು ಸರಿದೂಗಿಸುತ್ತದೆ. ಆ ಏದುಸಿರು, ಎದೆ ಡವಡವ ಎನ್ನುವುದು ಹೃದಯ ಹೆಚ್ಚು ದುಡಿಯುತ್ತಿರುವುದರ ಸದ್ದು. ನಿಮ್ಮ ಅತ್ತೆಯವರು ಹೇಳಿದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಅವರ ಕಾಲದ ಹೆಂಗಸರು ಹೀಗೇ ಸಹಿಸಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಇಷ್ಟು ಜನರಿಗೆ ಇರುವುದರಿಂದಲೇ ಅದು ಸಹಜವೆಂದು ತೋರುತ್ತದೆ. 41ನೇ ವಯಸ್ಸಿಗೆ ಮೆಟ್ಟಿಲು ಹತ್ತಲು ಉಸಿರು ಸಾಲದಿರುವುದು ಸಹಜವಲ್ಲ.

‘ರಾಗಿ, ಬೆಲ್ಲ, ಸೊಪ್ಪು ತಿನ್ನುತ್ತಲೇ ಇದ್ದೇನೆ’ ಎಂದು ಬರೆದಿದ್ದೀರಿ. ಇದನ್ನು ಓದಿ ನನಗೆ ಸಂಕಟವಾಯಿತು, ಏಕೆಂದರೆ ನೀವು ಮಾಡಬೇಕಾದದ್ದನ್ನು ಮಾಡಿದ್ದೀರಿ, ಲೆಕ್ಕವೇ ನಿಮಗೆ ವಿರುದ್ಧವಾಗಿದೆ. ಆ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ.

ಆರೋಗ್ಯವಾಗಿರುವವರ ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಸಾಧಾರಣ ಮುಟ್ಟಿನಲ್ಲಿ ಮೂವತ್ತು ನಲವತ್ತು ಮಿಲಿಲೀಟರ್ ರಕ್ತ ಹೋಗುತ್ತದೆ. 80 ದಾಟಿದರೆ ಅತಿಸ್ರಾವ ಎನ್ನುತ್ತೇವೆ. ಯಾರೂ ಅಳೆದು ನೋಡುವುದಿಲ್ಲ, ಆದರೆ ಎರಡು ಗಂಟೆಗೊಮ್ಮೆ ಪ್ಯಾಡ್, ರಕ್ತದ ಗಡ್ಡೆಗಳು, ರಾತ್ರಿ ಎದ್ದು ಬಟ್ಟೆ ಬದಲಿಸುವುದು, ಎಂಟೊಂಬತ್ತು ದಿನ ಎಂದು ನೀವು ಬರೆದಿರುವುದನ್ನು ನೋಡಿದರೆ ಆ ಗೆರೆಯನ್ನು ಎಂದೋ ದಾಟಿದ್ದೀರಿ. ಅಂದರೆ ಇದು ಶುರುವಾದ ಹೊಸತರಲ್ಲಿ ತಿಂಗಳಿಗೆ 40 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಮುಟ್ಟಿನಲ್ಲೇ ಹೋಗಿರಬೇಕು. ಬೆವರು, ಮಲ, ಚರ್ಮದ ಮೂಲಕ ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ ಹೋಗುವುದು ಬೇರೆ. ಎರಡೂ ಸೇರಿದರೆ ದೇಹಕ್ಕೆ ದಿನಕ್ಕೆ ಎರಡು ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಒಳಗೆ ಹೀರಲ್ಪಡಬೇಕು. ನಮ್ಮ ಊಟದಲ್ಲಿರುವ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ನೂರಕ್ಕೆ ಎಂಟರಷ್ಟೇ ಎಂದು ಹಿಡಿಯಿರಿ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಕಬ್ಬಿಣ ಇರುವುದು ನಾಲ್ಕೂವರೆ ಮಿಲಿಗ್ರಾಂ ಆಸುಪಾಸು. ರಾಗಿಯಲ್ಲಿರುವ ಟ್ಯಾನಿನ್, ಫೈಟೇಟ್ ಎಂಬ ಅಂಶಗಳು ಆ ಅಷ್ಟನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ರಾಗಿ ಬಿಡಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಸುಣ್ಣದ ಅಂಶಕ್ಕೆ, ಮೂಳೆಗೆ ಅದಕ್ಕಿಂತ ಒಳ್ಳೆಯ ಧಾನ್ಯ ನಮ್ಮ ಹೊಲದಲ್ಲಿಲ್ಲ. ರಕ್ತ ತುಂಬುವ ಭಾರವನ್ನು ಮುದ್ದೆಯೊಂದರ ತಲೆಯ ಮೇಲೆ ಹೊರಿಸಬೇಡಿ ಎನ್ನುತ್ತಿದ್ದೇನೆ. ಆಲೆಮನೆಯ ಬೆಲ್ಲವೂ ಅಷ್ಟೇ. ತಿನ್ನುವ ಒಂದು ಉಂಡೆಯಲ್ಲಿ ಕಬ್ಬಿಣಕ್ಕಿಂತ ಸಕ್ಕರೆಯೇ ಹೆಚ್ಚು.

ನಿಮ್ಮ ತೂಕಕ್ಕೆ, ಈಗಿನ ಹಿಮೊಗ್ಲೋಬಿನ್‌ಗೆ ಲೆಕ್ಕ ಹಾಕಿದರೆ ದೇಹಕ್ಕೆ ಬೇಕಾದ ಕಬ್ಬಿಣ ಸಾವಿರ ಮಿಲಿಗ್ರಾಂಗಿಂತ ಹೆಚ್ಚು. ಆ ಸಾಲವನ್ನು ಊಟ ತೀರಿಸಲಾರದು. ಔಷಧಿ ಬೇಕು. ಅದರ ಜೊತೆಗೆ ಸ್ರಾವದ ಕಾರಣವನ್ನು ಹುಡುಕಬೇಕು, ಇಲ್ಲದಿದ್ದರೆ ತೂತಿರುವ ಬಿಂದಿಗೆಗೆ ನೀರು ಹೊತ್ತಂತೆ.

ಮಾತ್ರೆಯ ವಿಷಯ. ಮಲ ಕಪ್ಪಗಾಗುವುದಕ್ಕೆ ಹೆದರಬೇಡಿ. ಹೀರಿಕೊಳ್ಳದೆ ಉಳಿದ ಕಬ್ಬಿಣದ ಬಣ್ಣ ಅದು, ರಕ್ತವಲ್ಲ. ಹೊಟ್ಟೆ ಕಟ್ಟುವುದು ನಿಜವಾದ ತೊಂದರೆ, ಆದರೆ ಅದಕ್ಕೆ ದಾರಿ ಇದೆ. ದಿನಕ್ಕೆರಡು ಮಾತ್ರೆ ನುಂಗಿ ಸಂಕಟಪಡುವ ಬದಲು ಒಂದೇ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ಕರುಳು ಹೀರಿಕೊಳ್ಳುವ ಪಾಲು ಹೆಚ್ಚುತ್ತದೆ. ಇಂದು ಮಾತ್ರೆ ನುಂಗಿದರೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ನಾಳೆಯ ಕಬ್ಬಿಣಕ್ಕೆ ಬಾಗಿಲು ಅರ್ಧ ಮುಚ್ಚುತ್ತದೆ. ಒಂದು ದಿನ ಬಿಟ್ಟರೆ ಬಾಗಿಲು ಮತ್ತೆ ತೆರೆಯುತ್ತದೆ. ಬೆಳಿಗ್ಗೆ ಹಾಲು ಕರೆದು ಬಂದು, ಕಾಫಿ ಕುಡಿಯುವುದಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ. ಕಾಫಿ, ಟೀ, ಹಾಲು, ಸುಣ್ಣದ ಮಾತ್ರೆ, ಹೊಟ್ಟೆಯುರಿಗೆಂದು ನುಂಗುವ ಮಾತ್ರೆ ಯಾವುದೂ ಅದರ ಹತ್ತಿರ ಬರಬಾರದು. ನನ್ನ ಅನುಭವದಲ್ಲಿ ಮಂಡ್ಯ ಸೀಮೆಯಲ್ಲಿ ಮಾತ್ರೆ ‘ಹಿಡಿಯದಿರುವುದಕ್ಕೆ’ ದೊಡ್ಡ ಕಾರಣ ಮಾತ್ರೆಯ ಹಿಂದೆಯೇ ಹೋಗುವ ಆ ಒಂದು ಲೋಟ ಕಾಫಿ. ಖಾಲಿ ಹೊಟ್ಟೆಗೆ ಸೇರದಿದ್ದರೆ ಊಟದ ಜೊತೆಯಾದರೂ ನುಂಗಿ, ಬಿಡಬೇಡಿ.

ಆದರೆ ನಿಮ್ಮ ವಿಷಯದಲ್ಲಿ ನಾನು ಮಾತ್ರೆಯನ್ನೇ ನಂಬಿ ಕೂರುವುದಿಲ್ಲ. 7.6 ಇದೆ, ಸ್ರಾವ ನಿಂತಿಲ್ಲ, ಮಾತ್ರೆ ಒಮ್ಮೆ ಒಗ್ಗಿಲ್ಲ. ಇಂಥವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವುದು ಒಳ್ಳೆಯ ದಾರಿ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಔಷಧಿಯಲ್ಲಿ ಸಾವಿರ ಮಿಲಿಗ್ರಾಂವರೆಗೂ ಒಂದೇ ದಿನ ಡ್ರಿಪ್‌ನಲ್ಲಿ ಕೊಡಬಹುದು. ಐರನ್ ಸುಕ್ರೋಸ್ ಆದರೆ ಹಲವು ದಿನ ಬರಬೇಕು. ಆಸ್ಪತ್ರೆಯಲ್ಲೇ, ಅಲರ್ಜಿಯಾದರೆ ನೋಡಿಕೊಳ್ಳುವವರ ಎದುರಿನಲ್ಲೇ ಹಾಕಿಸಿಕೊಳ್ಳಬೇಕು. ಮನೆಗೆ ಬಂದು ಹಾಕುತ್ತೇನೆ ಎನ್ನುವವರಿಂದ ಬೇಡ. ಹಿಮೊಗ್ಲೋಬಿನ್ 7ಕ್ಕಿಂತ ಕೆಳಗೆ ಹೋದರೆ, ಇಲ್ಲವೇ ಕುಳಿತಲ್ಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆಗ ರಕ್ತವನ್ನೇ ಕೊಡಬೇಕಾಗುತ್ತದೆ. ಗಂಟೆಗೊಂದು ಪ್ಯಾಡ್ ತೊಯ್ಯುವುದು ಎರಡು ಗಂಟೆಗೂ ಮೀರಿ ನಡೆದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಈ ಉತ್ತರ ಓದುತ್ತಾ ಕೂರಬೇಡಿ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ.

ಇನ್ನು ಗಡ್ಡೆಯ ಮಾತು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಿಮ್ಮನ್ನು ಹೆದರಿಸಿರುವುದು ಈ ಒಂದು ಪದ. ‘ಗಡ್ಡೆ’ ಎಂದೊಡನೆ ನಮ್ಮ ಜನಕ್ಕೆ ಕ್ಯಾನ್ಸರ್ ಕಣ್ಣ ಮುಂದೆ ಬರುತ್ತದೆ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಅಲ್ಲಿನ ಸ್ನಾಯುವೇ ಗಂಟುಕಟ್ಟಿ ಬೆಳೆದದ್ದು. ನಲವತ್ತು ದಾಟಿದ ಹೆಂಗಸರಲ್ಲಿ ಬಹಳ ಸಾಮಾನ್ಯ. ಎಷ್ಟೋ ಜನಕ್ಕೆ ಇರುವುದೇ ಗೊತ್ತಿರುವುದಿಲ್ಲ. ಮುಟ್ಟು ನಿಂತ ಮೇಲೆ ಹೆಚ್ಚಿನವು ಕುಗ್ಗುತ್ತವೆ. ಫೈಬ್ರಾಯ್ಡ್ ಇದ್ದಲ್ಲಿ ಕ್ಯಾನ್ಸರ್ ಕಾಣುವುದು ಬಹಳ ಅಪರೂಪ. 2.5 ಸೆಂಟಿಮೀಟರ್ ಎಂದರೆ ಒಂದು ಸಣ್ಣ ನಿಂಬೆಹಣ್ಣಿನಷ್ಟೂ ಇಲ್ಲ. ಅಳತೆಗಿಂತ ಮುಖ್ಯವಾದದ್ದು ಅದು ಕುಳಿತ ಜಾಗ. ಗರ್ಭಕೋಶದ ಒಳಗಿನ ಪೊಳ್ಳಿಗೆ ಚಾಚಿಕೊಂಡಿದ್ದರೆ ಅಷ್ಟು ಸಣ್ಣದೂ ಧಾರಾಕಾರ ರಕ್ತ ಸುರಿಸಬಲ್ಲದು, ಮತ್ತು ಅಂಥದ್ದನ್ನು ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ಹಿಸ್ಟೆರೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ ತೆಗೆಯಬಹುದು. ಗೋಡೆಯ ಹೊರಗಡೆ ಇದ್ದರೆ ಸ್ರಾವಕ್ಕೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು. ನಿಮ್ಮ ಸ್ಕ್ಯಾನಿಂಗ್ ವರದಿಯಲ್ಲಿ ಎಲ್ಲಿ ಇದೆ ಎಂದು ಬರೆದಿದ್ದಾರೋ ನೋಡಿ. ಬರೆದಿರದಿದ್ದರೆ ಆ ತಿಂಗಳ ಮುಟ್ಟು ಮುಗಿದ ಮೂರು ನಾಲ್ಕು ದಿನದೊಳಗೆ ಯೋನಿಮಾರ್ಗದ ಸ್ಕ್ಯಾನಿಂಗ್ ಮಾಡಿಸಿ. ಆಗ ಒಳಪದರ ತೆಳುವಾಗಿರುತ್ತದೆ, ಒಳಗಿರುವ ಗಂಟು, ಪಾಲಿಪ್ (ಒಳಪದರದಿಂದ ಬೆಳೆದ ಸಣ್ಣ ಕುಡಿ) ಸ್ಪಷ್ಟವಾಗಿ ಕಾಣುತ್ತವೆ.

ಸ್ರಾವಕ್ಕೆ ಕಾರಣ ಗಡ್ಡೆಯೊಂದೇ ಇರಬೇಕೆಂದಿಲ್ಲ. ಥೈರಾಯ್ಡ್ ಕಡಿಮೆಯಾದರೂ ಹೀಗಾಗುತ್ತದೆ. ಗರ್ಭಕೋಶದ ಒಳಪದರ ಸ್ನಾಯುವಿನೊಳಗೆ ನುಗ್ಗಿ ಬೆಳೆಯುವ ಅಡಿನೋಮಯೋಸಿಸ್ ಇರಬಹುದು. ವರದಿಯಲ್ಲಿ ಗರ್ಭಕೋಶ ದಪ್ಪಗಿದೆ ಎಂದಿದ್ದರೆ, ಮುಟ್ಟಿನಲ್ಲಿ ನೋವೂ ಹೆಚ್ಚಿದ್ದರೆ ಇದನ್ನು ನೆನೆಯಬೇಕು. ನಲವತ್ತರ ನಂತರ ಅಂಡ ಬಿಡುಗಡೆ ಏರುಪೇರಾಗಿ ಒಳಪದರ ದಪ್ಪವಾಗುತ್ತಾ ಹೋಗುವುದೂ ಉಂಟು. ಹುಡುಗಿಯಾಗಿದ್ದಾಗಿನಿಂದಲೂ ಹೀಗೇ ಹೋಗುತ್ತಿತ್ತು ಎಂದಿದ್ದರೆ ರಕ್ತ ಹೆಪ್ಪುಗಟ್ಟುವ ದೋಷವನ್ನು ಪರೀಕ್ಷಿಸಬೇಕಿತ್ತು. ನಿಮಗೆ ಎರಡೇ ವರ್ಷದ್ದು. ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಹಬ್ಬಕ್ಕೆ, ಮಾದಪ್ಪನ ಬೆಟ್ಟದ ಯಾತ್ರೆಗೆ ಎಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಅಂಗಡಿಯಿಂದ ತಂದು ಪದೇಪದೇ ನುಂಗಿದ್ದೀರಾ? ಆ ಮಾತ್ರೆ ನಿಲ್ಲಿಸಿದ ಮೇಲೆ ಬರುವ ಸ್ರಾವವೂ ಜೋರಾಗಿರಬಹುದು. ವೈದ್ಯರಿಗೆ ಮುಚ್ಚಿಡದೆ ಹೇಳಿ. ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಕೂಡ ಕರುಳಿನಿಂದ ರಕ್ತ ಹೀರುತ್ತದೆ. ಜಂತುಹುಳದ ಮಾತ್ರೆಯನ್ನೂ ಕೇಳಿ ತೆಗೆದುಕೊಳ್ಳಿ, ಗದ್ದೆಗೆ ಚಪ್ಪಲಿ ಹಾಕಿ.

ಕ್ಯಾನ್ಸರ್ ಅನುಮಾನವನ್ನು ಬಾಯಿಮಾತಿನಲ್ಲಿ ಹೇಳಿ ಬಿಡುವಂತಿಲ್ಲ, ಪರೀಕ್ಷಿಸಿ ತೀರ್ಮಾನಿಸಬೇಕು. ನಲವತ್ತು ದಾಟಿ ಅತಿಸ್ರಾವವಿದ್ದರೆ ಗರ್ಭಕೋಶದ ಒಳಪದರದಿಂದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳುಹಿಸುವುದು ಒಳ್ಳೆಯದು. ತೆಳು ಕೊಳವೆ ಹಾಕಿ ಹೊರರೋಗಿ ವಿಭಾಗದಲ್ಲೇ ಮಾಡಬಹುದಾದ ಕೆಲಸ. ಸ್ವಲ್ಪ ಹೊತ್ತು ಹೊಟ್ಟೆ ಹಿಂಡುತ್ತದೆ, ಅಷ್ಟೇ. ಗರ್ಭಕೋಶದ ಕೊರಳಿನ ಪರೀಕ್ಷೆ ಬೇರೆ. ಮೂವತ್ತು ದಾಟಿದವರಿಗೆ ಅದು ಸರ್ಕಾರಿ ಆರೋಗ್ಯ ಕೇಂದ್ರಗಳ ತಪಾಸಣೆಯಲ್ಲೇ ಸೇರಿದೆ. ಈ ಎರಡು ವರದಿ ಕೈಯಲ್ಲಿಲ್ಲದೆ ‘ಕ್ಯಾನ್ಸರ್ ಆಗಬಹುದು’ ಎಂದು ಹೇಳಿ ಆಪರೇಷನ್ ದಿನಾಂಕ ಕೊಡುವುದನ್ನು ನಾನು ಒಪ್ಪುವುದಿಲ್ಲ. ನನ್ನದೇ ವೃತ್ತಿಯವರ ಬಗ್ಗೆ ಹೀಗೆ ಬರೆಯುವುದು ಕಷ್ಟ, ಆದರೂ ಬರೆಯಬೇಕು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳು ನಮ್ಮ ದೇಶದಲ್ಲಿ ಎಷ್ಟು ನಡೆದವೆಂದರೆ ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಅದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ಅಂಥ ಶಸ್ತ್ರಚಿಕಿತ್ಸೆಗೆ ಬಲಿಯಾದವರಲ್ಲಿ ಹಲವರು ನಿಮ್ಮಂತೆ ಹೊಲದಲ್ಲಿ ದುಡಿಯುವ ಹೆಂಗಸರು. ಮಕ್ಕಳಾದ ಮೇಲೆ ಗರ್ಭಕೋಶ ಏಕೆ ಎಂದು ಅವರಿಗೂ ಹೇಳಿದ್ದರು.

ಹಾಗಾದರೆ ಆಪರೇಷನ್ ಅಲ್ಲದೆ ಏನಿದೆ? ತಕ್ಷಣಕ್ಕೆ ಟ್ರನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಜೋರಾಗಿ ಹೋಗುವ ಮೂರು ನಾಲ್ಕು ದಿನ ಮಾತ್ರ ತೆಗೆದುಕೊಳ್ಳುವಂಥದ್ದು. ಸ್ರಾವವನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲದು. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಚರಿತ್ರೆ ಇರುವವರಿಗೆ ಬೇಡ, ಆದ್ದರಿಂದ ವೈದ್ಯರ ಚೀಟಿ ಇಲ್ಲದೆ ತರಬೇಡಿ. ದೀರ್ಘಕಾಲಕ್ಕೆ ನಾನು ಹೆಚ್ಚು ನಂಬುವುದು ಹಾರ್ಮೋನ್ ಬಿಡುವ ವಂಕಿಯನ್ನು. ಕಾಪರ್-ಟಿಯಂತೆಯೇ ಗರ್ಭಕೋಶದೊಳಗೆ ಇಡುತ್ತಾರೆ, ಕೆಲಸ ಮಾತ್ರ ತದ್ವಿರುದ್ಧ. ಕಾಪರ್-ಟಿ ಸ್ರಾವ ಹೆಚ್ಚಿಸಬಹುದು, ಇದು ಒಳಪದರವನ್ನು ತೆಳುವಾಗಿಸಿ ಸ್ರಾವವನ್ನು ಕೆಲವು ತಿಂಗಳಲ್ಲಿ ಬಹುಪಾಲು ಇಳಿಸುತ್ತದೆ. ಕನಿಷ್ಠ ಐದು ವರ್ಷ ಕೆಲಸ ಮಾಡುತ್ತದೆ. ನಿಮ್ಮ ವಯಸ್ಸಿಗೆ ಐದು ವರ್ಷ ಸೇರಿಸಿ ನೋಡಿ. ನಮ್ಮ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ನಲವತ್ತಾರರ ಆಸುಪಾಸು. ಒಂದು ವಂಕಿಯಲ್ಲೇ ದಡ ಸೇರುವವರು ಬಹಳ. ಬೆಲೆ ಕಾಪರ್-ಟಿಗಿಂತ ಹೆಚ್ಚು, ಮೊದಲ ಮೂರರಿಂದ ಆರು ತಿಂಗಳು ಆಗಾಗ ಕಲೆಯಂತೆ ಕಾಣಿಸಿಕೊಳ್ಳುತ್ತದೆ, ಆ ಸಮಯ ತಾಳ್ಮೆ ಬೇಕು. ಕೆಲವರಿಗೆ ಮುಟ್ಟೇ ನಿಲ್ಲುತ್ತದೆ. ‘ಕೆಟ್ಟ ರಕ್ತ ಒಳಗೇ ಉಳಿಯುವುದಿಲ್ಲವೇ?’ ಎಂದು ವಂಕಿ ತೆಗೆಸಲು ಬರುತ್ತಾರೆ. ಒಳಪದರ ಬೆಳೆಯುವುದೇ ಇಲ್ಲವಾದ್ದರಿಂದ ಉಳಿಯಲು ಅಲ್ಲಿ ಏನೂ ಇರುವುದಿಲ್ಲ ಅಮ್ಮಾ. ಗಡ್ಡೆ ಪೊಳ್ಳನ್ನು ತಿರುಚಿದ್ದರೆ ಮಾತ್ರ ವಂಕಿ ನಿಲ್ಲದೆ ಜಾರಬಹುದು, ಅದಕ್ಕೇ ಮೊದಲು ಜಾಗ ನೋಡಬೇಕೆಂದದ್ದು.

ಗರ್ಭಕೋಶ ತೆಗೆಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ತುಣುಕಿನ ಪರೀಕ್ಷೆಯಲ್ಲಿ ಕೆಟ್ಟ ಕೋಶಗಳು ಕಂಡರೆ, ಗಡ್ಡೆಗಳು ದೊಡ್ಡದಾಗಿದ್ದರೆ, ಔಷಧಿ, ವಂಕಿ ಎಲ್ಲ ನೋಡಿಯೂ ಸ್ರಾವ ನಿಲ್ಲದಿದ್ದರೆ ನಾನೇ ಬರೆದು ಕೊಡುತ್ತೇನೆ, ಅದರಿಂದ ಹೊಸ ಜೀವ ಬಂದವರನ್ನೂ ಕಂಡಿದ್ದೇನೆ. ಆಗಲೂ ಎರಡು ಮಾತು ನೆನಪಿರಲಿ. 7.6ರಲ್ಲಿ ಮೇಜಿನ ಮೇಲೆ ಮಲಗಬೇಡಿ. ತುರ್ತಿಲ್ಲದ ಶಸ್ತ್ರಚಿಕಿತ್ಸೆಗೆ ಮೊದಲು ಹಿಮೊಗ್ಲೋಬಿನ್ ಏರಿಸಿಕೊಳ್ಳಲು ಸಮಯವಿದೆ. ಎರಡನೆಯದು, ‘ಅಂಡಾಶಯವನ್ನೂ ತೆಗೆಯುತ್ತೀರಾ?’ ಎಂದು ಕೇಳಿ, ಒಪ್ಪಿಗೆ ಪತ್ರದಲ್ಲಿ ಏನು ಬರೆದಿದೆ ಎಂದು ಓದಿಸಿ ಸಹಿ ಹಾಕಿ. ಈ ವಯಸ್ಸಿಗೆ ಕಾರಣವಿಲ್ಲದೆ ಎರಡೂ ಅಂಡಾಶಯ ತೆಗೆದರೆ ಒಂದೇ ದಿನದಲ್ಲಿ ಮುಟ್ಟು ನಿಂತವರ ದೇಹವಾಗುತ್ತದೆ. ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು, ಮುಂದೆ ಮೂಳೆ ಸವೆತ, ಹೃದಯದ ಕಾಯಿಲೆಯ ಭಯ ಎಲ್ಲವೂ ಬೇಗ ಬರುತ್ತವೆ. ಆರು ವಾರ ಮೇವಿನ ಹೊರೆ, ಹಾಲಿನ ಕ್ಯಾನ್ ಎತ್ತುವಂತಿಲ್ಲ ಎಂಬುದನ್ನೂ ಯಜಮಾನರಿಗೆ ಮೊದಲೇ ಹೇಳಿ, ಆ ಆರು ವಾರ ಕೊಟ್ಟಿಗೆ ಯಾರು ನೋಡುತ್ತಾರೆಂದು ತೀರ್ಮಾನವಾಗಲಿ.

ಊಟದ ಬಗ್ಗೆ ಇಷ್ಟು ಮಾತ್ರ. ಬಸ್ಸಾರು, ಮಸ್ಸೊಪ್ಪಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ರಾಗಿಯನ್ನು ಆಗಾಗ ಮೊಳಕೆ ಕಟ್ಟಿ ಹಿಟ್ಟು ಮಾಡಿಸಿ, ಹುರುಳಿಯನ್ನೂ ಮೊಳಕೆ ಬರಿಸಿ, ಹಿಡಿದಿಟ್ಟ ಕಬ್ಬಿಣ ಸ್ವಲ್ಪ ಸಡಿಲವಾಗುತ್ತದೆ. ಮಾಂಸ ತಿನ್ನುವ ಮನೆಯಾದರೆ ಕುರಿ, ಮೇಕೆಯ ಲಿವರ್ ಬಂದ ದಿನ ನಿಮ್ಮ ತಟ್ಟೆಗೂ ಬೀಳಲಿ, ಗಂಡಸರಿಗೂ ಮಕ್ಕಳಿಗೂ ಬಡಿಸಿ ಉಳಿದ ಸಾರನ್ನು ನೀವು ಉಣ್ಣಬೇಡಿ. ಊಟವಾದ ಕೂಡಲೇ ಕಾಫಿ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ.

ಎಲ್ಲಿಗೆ ಹೋಗುವುದು ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡನೆಯ ಅಭಿಪ್ರಾಯಕ್ಕೆ ಮಂಡ್ಯದ ಮಿಮ್ಸ್ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಎರಡೂ ನಿಮಗೆ ಬಸ್ಸಿನ ದೂರದಲ್ಲಿವೆ. ಎರಡೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಸ್ತ್ರೀರೋಗ ವಿಭಾಗವಿದೆ. ಬೆಳಿಗ್ಗೆಯೇ ಹೋಗಿ, ಸರದಿ ಉದ್ದ ಇರುತ್ತದೆ. ಹಳೆಯ ಸ್ಕ್ಯಾನಿಂಗ್ ಚಿತ್ರ, ರಕ್ತದ ವರದಿ ಒಯ್ಯಿರಿ. ಒಂದು ಹಳೆಯ ನೋಟ್‌ಪುಸ್ತಕದಲ್ಲಿ ಕಳೆದ ಎರಡು ಮುಟ್ಟು ಯಾವ ದಿನ ಶುರುವಾಯಿತು, ದಿನಕ್ಕೆಷ್ಟು ಪ್ಯಾಡ್, ರಕ್ತದ ಗಡ್ಡೆ ಎಷ್ಟು ದಿನ ಹೋಯಿತು ಎಂದು ಬರೆದುಕೊಂಡು ಹೋಗಿ. ‘ಜಾಸ್ತಿ ಹೋಗುತ್ತದೆ ಡಾಕ್ಟ್ರೇ’ ಎಂಬ ಮಾತಿಗಿಂತ ಆ ಪುಟ ಹೆಚ್ಚು ಹೇಳುತ್ತದೆ. ಸಂಪೂರ್ಣ ರಕ್ತ ಎಣಿಕೆ, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಕೇಳಿ. ಔಷಧಿ ಶುರುವಾದ ನಾಲ್ಕು ವಾರಕ್ಕೆ ಹಿಮೊಗ್ಲೋಬಿನ್ ಮತ್ತೆ ನೋಡಿಸಿ, ಒಂದು ಗ್ರಾಂ ಆದರೂ ಏರಿರಬೇಕು. 12 ಮುಟ್ಟಿದ ಮೇಲೂ ಮೂರು ತಿಂಗಳು ಮಾತ್ರೆ ಬಿಡಬೇಡಿ. ರಕ್ತದಲ್ಲಿ ಅಂಕಿ ಏರಿದರೂ ದೇಹದ ಉಗ್ರಾಣ ಆಗಿನ್ನೂ ಖಾಲಿ ಇರುತ್ತದೆ.

ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಕಾಲೇಜಿಗೆ ಒಂದು ದಿನ ರಜೆಯಾದರೆ ಆಗಲಿ. ಬಳಪ ತಿನ್ನುವ ಹುಡುಗಿಗೆ ಬೈಗುಳದಿಂದ ಏನೂ ಆಗುವುದಿಲ್ಲ, ಬೆರಳ ತುದಿಯ ಒಂದು ಹನಿ ರಕ್ತದಿಂದ ಎಷ್ಟೋ ಗೊತ್ತಾಗುತ್ತದೆ. ಅವಳ ಮುಟ್ಟು ಎಷ್ಟು ದಿನ ಹೋಗುತ್ತದೆ ಎಂದು ಬಸ್ಸಿನಲ್ಲಿ ಹೋಗುವಾಗ ನೀವೇ ಕೇಳಿ ತಿಳಿದುಕೊಳ್ಳಿ. ಬಿಳಿ ಕೋಟಿನವರ ಎದುರು ಅವಳು ಬಾಯಿ ಬಿಡಲಾರಳು.